ರೋಹಿದಾಸನ ಪರಿಹಾರಾರ್ಥ ಒಂದು ಕಾಯಿದೆ

ಕೋರ್ಟುಗಳಿಗೆ ಬೇಸಗೆಯ ಬಿಡುವು ಇಲ್ಲದಿದ್ದರೆ ರೋಹಿದಾಸ ಆ ಕಪಾಟಿನ ಧೂಳು ಹೊಡೆಯುತ್ತಿರಲಿಲ್ಲ. ಧೂಳು ಹೊಡೆಯದಿದ್ದರೆ ಮೇಲಿನ ಹಲಗೆಯಿಂದ ಆ ಪುಸ್ತಕ ಜಾರಿ ಅವನ ಹೆಬ್ಬೆರಳಿನ ಮೇಲೆ ಬೀಳುತ್ತಿರಲಿಲ್ಲ. ಮುಂದೆ ನಡೆದ ಎಲ್ಲಕ್ಕೂ ಕಾರಣ ಇಷ್ಟೇ: ಒಂದು ಬುಧವಾರದ ಬೆಳಗ್ಗೆ ಎಂಟು ಗಂಟೆ, ಒಂದು ಹೆಬ್ಬೆರಳು, ಹಲಸಿನ ಹಣ್ಣಿನಷ್ಟು ಭಾರದ ಒಂದು ಪುಸ್ತಕ.

ಕೊಲ್ಲಿಯ ಕಡಲತಡಿಯ ಅರಬ್ ನಗರದಲ್ಲಿ, ಶರ್ಕ್ ಬಡಾವಣೆಯ ಕಟ್ಟಡವೊಂದರ ಆರನೆಯ ಮಹಡಿಯಲ್ಲಿದ್ದ ವಕೀಲರ ಕಚೇರಿಗೆ ಅವನು ಟೈಪಿಸ್ಟ್. ವಕೀಲರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಅವನ ಕಫೀಲರೂ ಅವರೇ; ಅಂದರೆ ಈ ದೇಶದಲ್ಲಿ ಅವನ ಇರವಿಗೆ ಹೊಣೆಗಾರರು, ಅವನ ಪಾಸ್‌ಪೋರ್ಟನ್ನು ತಿಜೋರಿಯಲ್ಲಿಟ್ಟು ಬೀಗ ಹಾಕಿಕೊಂಡವರು. ಪುಸ್ತಕವನ್ನು ಯಾವ ಕಾಲದಲ್ಲೋ ಒಬ್ಬ ಅಮೆರಿಕನ್ ಸಲಹೆಗಾರ ಬಿಟ್ಟು ಹೋಗಿದ್ದ. ಮೊದಲ ಹಾಳೆ ಹರಿದಿತ್ತು. ಅಮೆರಿಕದ ಯಾವ ರಾಜ್ಯದ್ದೆಂದು ತಿಳಿಯುವಂತಿರಲಿಲ್ಲ. ಹಿಂದಿನ ಶತಮಾನದಲ್ಲಿ ಆ ರಾಜ್ಯದ ಶಾಸನಸಭೆ ಮಾಡಿದ ಕಾಯಿದೆಗಳ ಸಂಪುಟ ಅದು.

ಬೆರಳು ತಿಕ್ಕುತ್ತಾ ಕುಳಿತಲ್ಲೇ ರೋಹಿದಾಸ ಒಂದು ಪುಟ ಓದಿದ. ಮತ್ತೊಂದನ್ನು ಓದಿದ. ಆಮೇಲೆ ಬೆರಳಿನ ನೋವು ಅವನಿಗೆ ನೆನಪಾಗಲಿಲ್ಲ.

ಕಾಯಿದೆಯೆಂದರೆ ಎಲ್ಲರ ಮೇಲೂ ಒಂದೇ ಸಮನೆ ಸುರಿಯುವ ಬಿಸಿಲು ಎಂದೇ ಅವನು ತಿಳಿದಿದ್ದ. ಇಲ್ಲಿ ನೋಡಿದರೆ ಒಬ್ಬೊಬ್ಬರಿಗೆ ಒಂದೊಂದು ಕಾಯಿದೆ! ಹಡಗಿನೊಂದಿಗೆ ಕಾಣೆಯಾದ ಗಂಡನಿಗಾಗಿ ಒಂಬತ್ತು ವರ್ಷ ಕಾದ ಹೆಂಗಸೊಬ್ಬಳಿಗೆ ಮರುಮದುವೆಯ ಅನುಮತಿ ಕೊಡುವ ಕಾಯಿದೆ. ತಂದೆಯ ಹೆಸರಿಲ್ಲದ ಹುಡುಗನಿಗೆ ಹೆಸರು ಕೊಡುವ ಕಾಯಿದೆ. ಕುಂಟನಾದ ಅಂಬಿಗನೊಬ್ಬ ತನ್ನ ಹೊಳೆಯಲ್ಲಿ ತಾನೇ ದೋಣಿ ನಡೆಸಬಹುದೆಂಬ ಕಾಯಿದೆ. ಪ್ರತಿಯೊಂದರ ನೆತ್ತಿಯ ಮೇಲೂ ಒಂದೇ ಮಾತು: ಇಂಥವರ ಪರಿಹಾರಾರ್ಥ ಒಂದು ಕಾಯಿದೆ. ನೂರು ಜನ ಗಡ್ಡದವರು ಕಂಬಗಳ ಆ ಸಭೆಯಲ್ಲಿ ಯುದ್ಧವನ್ನೂ ರೈಲನ್ನೂ ಬದಿಗಿಟ್ಟು, ಒಬ್ಬ ಅಂಬಿಗನ ಹೆಸರನ್ನು ಮೂರು ಸಲ ಗಟ್ಟಿಯಾಗಿ ಓದಿಸಿ, ಆಗಲಿ ಎಂದು ಕೈಯೆತ್ತಿದ್ದರು. ಒಂದು ಇಡೀ ರಾಜ್ಯ ಒಂದು ಗಳಿಗೆ ಉಸಿರು ಬಿಗಿಹಿಡಿದು ಒಂದು ಗುಡಿಸಲಿನ ಬಾಗಿಲಿಗೆ ಬಗ್ಗಿತ್ತು. ಕಿಟಕಿಯಾಚೆ ಕಾದ ತವರದ ಹಾಳೆಯಂತಿದ್ದ ಕಡಲನ್ನು ನೋಡುತ್ತಾ ರೋಹಿದಾಸನಿಗೆ ಮೈ ಜುಮ್ಮೆಂದಿತು.

ಅವನಿಗೂ ಒಂದು ಕಾಯಿದೆ ಬೇಕಿತ್ತು.

ಪಡುಬಿದ್ರಿಯಲ್ಲಿ ಅಮಿತಾ ಎಂಬ ಹುಡುಗಿಯೊಂದಿಗೆ ಅವನ ಮದುವೆ ಗೊತ್ತಾಗಿತ್ತು. ಆಟಿ ತಿಂಗಳಲ್ಲಿ ತುಳುವರು ಮದುವೆ ಮಾಡುವುದಿಲ್ಲ. ಆಟಿ ಕಳೆದು ಸೋಣ ಹುಟ್ಟಿದ ಕೂಡಲೇ, ಆಗಸ್ಟ್ ಹತ್ತೊಂಬತ್ತರ ಭಾನುವಾರ, ಒಂದೇ ಒಂದು ಮುಹೂರ್ತ. ಅದು ತಪ್ಪಿದರೆ ದೀಪಾವಳಿಯ ಆಚೆಗೆ. ತಂಗಿ ಅಪ್ಪಿ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದಳು: “ಹಾಲ್ ಬುಕ್ ಆಗಿದೆ, ಅಡುಗೆಯವರಿಗೆ ಹೇಳಿ ಆಗಿದೆ. ನೀನು ಬಾರದಿದ್ದರೆ ಅಮಿತಾಳ ಅಪ್ಪ ಕಾಯುವ ಜನ ಅಲ್ಲ. ಬೊಂಬಾಯಿಯ ಹೋಟೆಲಿನವರದ್ದೊಂದು ಸಂಬಂಧ ಅವರ ಜಗಲಿಯಲ್ಲೇ ಕೂತಿದೆ.”

ಕಚೇರಿಯ ನಿಯಮವಾದರೋ, ಎರಡು ವರ್ಷ ತುಂಬದೆ ರಜೆಯಿಲ್ಲ. ರೋಹಿದಾಸನಿಗೆ ಎರಡು ವರ್ಷ ತುಂಬುವುದು ಸೆಪ್ಟೆಂಬರ್ ಐದಕ್ಕೆ. ಮುಹೂರ್ತಕ್ಕೂ ನಿಯಮಕ್ಕೂ ನಡುವೆ ಹದಿನೇಳು ದಿನಗಳ ಕಂದಕ.

ಪುಸ್ತಕವನ್ನು ಮಗುವಿನಂತೆ ಎದೆಗವಚಿಕೊಂಡು ಅವನು ಉಸ್ತಾದರ ಕೋಣೆಗೆ ಹೋದ. ಎಳೆಯ ವಯಸ್ಸಿನಲ್ಲಿ ಬೊಂಬಾಯಿಯಲ್ಲಿ ಓದಿದ್ದ ಉಸ್ತಾದರಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಅವರು ಅಂಬಿಗನ ಕಾಯಿದೆಯನ್ನು ಓದಿದರು. ಹಡಗಿನ ಹೆಂಗಸಿನದನ್ನು ಎರಡು ಬಾರಿ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೂವತ್ತು ವರ್ಷ ವಕೀಲಿ ಮಾಡಿದೆ. ಕಾನೂನಿಗೆ ಇಂಥ ಮುಖವೂ ಇತ್ತೆಂದು ಗೊತ್ತಿರಲಿಲ್ಲ,” ಎಂದರು. “ನಿನಗೇನು ಬೇಕು?”

“ಹದಿನೇಳು ದಿನ, ಉಸ್ತಾದ್,” ಎಂದು ರೋಹಿದಾಸ ಮದುವೆಯ ಮುಹೂರ್ತದ ಸಂಗತಿ ತಿಳಿಸಿದ.

ಉಸ್ತಾದರು ಎದ್ದು ತಿಜೋರಿ ತೆರೆದರು. ಅವನ ಪಾಸ್‌ಪೋರ್ಟು ತೆಗೆದು ಮೇಜಿನ ಮೇಲಿಟ್ಟರು. “ಖಲಾಸ್, ಮುಗಿಯಿತು. ತಗೋ, ಹೋಗಿ ಮದುವೆಯಾಗು. ಯಲ್ಲಾ, ಹೊರಡು!”

ಬೆಳಗ್ಗೆ ಒಂಬತ್ತೂವರೆ. ಏನಾದರೂ ದಾರಿ ತೆರೆದೀತೆಂದು ಟ್ರಾವೆಲ್ಸಿನ ಗೆಳೆಯ ಧನರಾಜ್ ಮೊದಲೇ ಅದೇ ರಾತ್ರಿಯ ಬೊಂಬಾಯಿ ವಿಮಾನದಲ್ಲಿ ಒಂದು ಸೀಟು ಹಿಡಿದಿಟ್ಟಿದ್ದ. ಪಾಸ್‌ಪೋರ್ಟು ಒಂದು ಮೊಳ ದೂರದಲ್ಲಿತ್ತು. ಬೇರೆ ಯಾರೇ ಆಗಿದ್ದರೂ ಅದನ್ನು ಜೇಬಿಗಿಳಿಸಿ, ಲಿಫ್ಟಿಗೂ ಕಾಯದೆ ಮೆಟ್ಟಿಲು ಹಾರಿಕೊಂಡು ಹೋಗುತ್ತಿದ್ದರು. ಆದರೆ ರೋಹಿದಾಸ ಊರಲ್ಲೂ ಇಲ್ಲೂ ಸೇರಿ ಹದಿನಾಲ್ಕು ವರ್ಷ ಕಾನೂನಿನ ಕಾಗದಗಳನ್ನೇ ಟೈಪು ಮಾಡಿದವನು. ಮುದ್ರೆಯಿಲ್ಲದ ಸಂತೋಷವನ್ನು ಅವನು ನಂಬಲಾರ. ಒಬ್ಬ ಅಂಬಿಗನಿಗೆ ಮೂರು ವಾಚನ ಸಂದಿರುವಾಗ ತನಗೆ ಬರೀ ಒಂದು ‘ಖಲಾಸ್’?

“ಉಸ್ತಾದ್, ಅಪ್ಪಣೆಯಾದರೆ... ಪುಸ್ತಕದಲ್ಲಿರುವ ಹಾಗೆ ಕ್ರಮವಾಗಿ ಬರೆದು, ಮೂರು ಸಲ ಓದಿ, ಮುದ್ರೆ ಹಾಕಿಸಿಕೊಳ್ಳಲೇ? ಅಲ್ಲಿಯ ತನಕ ಪಾಸ್‌ಪೋರ್ಟು ಇಲ್ಲೇ ಇರಲಿ.”

ಉಸ್ತಾದರು ಅವನನ್ನು ವಿಚಿತ್ರವಾಗಿ ನೋಡಿ, ನಕ್ಕು, ಪಾಸ್‌ಪೋರ್ಟಿನ ಮೇಲೆ ಗಾಜಿನ ಪೇಪರ್ ವೆಯ್ಟನ್ನಿಟ್ಟರು.

ಟೈಪ್‌ರೈಟರಿನಲ್ಲಿ ಶಿರೋನಾಮೆ ಮೂಡುತ್ತಿದ್ದಂತೆ ಹೆಡ್ ಕ್ಲರ್ಕ್ ಬೊನವೆಂಚರ್ ಬಂದು ಹೆಗಲ ಮೇಲಿನಿಂದ ಇಣುಕಿದ. ಬಜ್ಪೆಯವನು, ಬೇರೆಯವರ ಕಾಗದ ಓದದೆ ಅವನಿಗೆ ಊಟ ಸೇರದು.

“ಇದೆಂತ ಮಾರಾಯ, ಕಾಯಿದೆಯಾ? ನಿನಗಾ?”

ರೋಹಿದಾಸ ವಿವರಿಸಿದ. ಬೊನವೆಂಚರ್ ಅಂಬಿಗನ ಪುಟ ಓದಿ ಶಿಲುಬೆಯ ಗುರುತು ಮಾಡಿಕೊಂಡ. “ಯೇಸುವೇ! ನೂರು ಜನ ಒಬ್ಬನಿಗೋಸ್ಕರ ಕೈ ಎತ್ತಿದ್ದಾ? ಆದ್ರೆ ರೋಹಿ, ಸಭೆ ಇಲ್ಲದೆ ಕಾಯಿದೆ ಆಗುದು ಹೇಗೆ? ಓದ್ಲಿಕ್ಕೆ ನೀನು, ಕೈ ಎತ್ಲಿಕ್ಕೆ ಯಾರು?”

ಹೀಗೆ ಸಭೆ ಕೂಡಿತು. ಸದಸ್ಯರು ಮೂವರು: ಬೊನವೆಂಚರ್; ಚಹಾ ಮಾಡುವ, ಕಾರೂ ಓಡಿಸುವ ಉಳ್ಳಾಲದ ಹಂಝ; ಅಂದು ಏಸಿ ರಿಪೇರಿಗೆಂದು ಏಣಿ ಹತ್ತಿದ್ದ ಬಾಗಲಕೋಟೆಯ ಬಾಳಪ್ಪ. ಬಾಳಪ್ಪ ಕಾರ್ಖಾನೆಗಳ ಬಡಾವಣೆಯಾದ ರಾಯ್‌ನಲ್ಲಿದ್ದ ಉಸ್ತಾದರದೇ ವರ್ಕ್‌ಶಾಪಿನವನು. ಅವನ ಪಾಸ್‌ಪೋರ್ಟೂ ಅದೇ ತಿಜೋರಿಯಲ್ಲಿತ್ತು.

ಮೊದಲ ವಾಚನ ಹತ್ತೂವರೆಗೆ. ರೋಹಿದಾಸ ಎದ್ದುನಿಂತು ಓದಿದ: ಮದುವೆಯ ದಿನಕ್ಕೆ ಎರಡು ವರ್ಷ ತುಂಬಲು ಹದಿನೇಳು ದಿನ ಕಡಿಮೆಯಿರುವ ಕಾರಣ, ಸೋಣದ ಮುಹೂರ್ತ ಯಾರಿಗಾಗಿಯೂ ನಿಲ್ಲದ ಕಾರಣ, ರೋಹಿದಾಸನೆಂಬ ಟೈಪಿಸ್ಟನಿಗೆ ನಿಯಮದಿಂದ ಬಿಡುಗಡೆ ಕೊಡತಕ್ಕದ್ದು. ತನ್ನ ಹೆಸರು ತನ್ನ ಬಾಯಿಂದಲೇ ಅಷ್ಟು ದೊಡ್ಡದಾಗಿ ಹೊರಟದ್ದು ಕೇಳಿ ಅವನ ಕಣ್ಣು ಹನಿಗೂಡಿತು. ಹಂಝ ಟ್ರೇ ಕೆಳಗಿಟ್ಟು ಕೈಯೆತ್ತಿದ. ಏಣಿಯ ಮೇಲಿಂದ ಬಾಳಪ್ಪ ಸ್ಕ್ರೂಡ್ರೈವರ್ ಎತ್ತಿದ.

ಬೊನವೆಂಚರ್ ಮಾತ್ರ ಎತ್ತಲಿಲ್ಲ. “ಒಂದು ಸಣ್ಣ ತಿದ್ದುಪಡಿ ಉಂಟು. ಸೆಪ್ಟೆಂಬರ್ ಎಂಟಕ್ಕೆ ಮೊಂತಿ ಹಬ್ಬ. ಹೊಸ ತೆನೆ ಊಟ. ಆರು ವರ್ಷದಿಂದ ನಾನು ತೆನೆ ಮುಟ್ಲಿಲ್ಲ. ರೋಹಿದಾಸ ಅಂತ ಉಂಟಲ್ಲ, ಅಲ್ಲಿ ‘ಮತ್ತು ಬೊನವೆಂಚರ್’ ಅಂತ ಹಾಕು. ಜಾಗ ಉಂಟು, ನಾನು ನೋಡಿದ್ದೇನೆ.”

“ಅಲ್ಲ ಬೊನ್ನು, ಇದು ಒಬ್ಬನಿಗೇ ಅಂತ ಇರುವ ಕಾಯಿದೆ...”

“ಹಾಗಾದ್ರೆ ನನ್ನ ಕೈ ಏಳುದಿಲ್ಲ.”

ರೋಹಿದಾಸ ಹೊಸ ಹಾಳೆ ಸಿಕ್ಕಿಸಿದ.

ಎರಡನೆಯ ವಾಚನ ಮಧ್ಯಾಹ್ನದ ನಮಾಜಿನ ನಂತರ. ಈ ಬಾರಿ ಬಾಳಪ್ಪ ಏಣಿ ಇಳಿದೇ ಬಂದ.

“ಏನಪಾ ರೋಹಿದಾಸ, ನಂದೂ ಒಂದ ಹೆಸರ ತುರುಕು. ಬಸುರಿ ತಂಗಿ ನೇತ್ರಾಂದು ಕುಬಸ ಐತಿ ಬರೋ ತಿಂಗಳ ಕಡೀಕ. ನಮ್ಮವ್ವ ಅನ್ನಪೂರ್ಣೆವ್ವ ಕ್ಯಾಸೆಟ್ಟಿನ್ಯಾಗ ಅತ್ತು ಕಳಿಸ್ಯಾಳ. ಅಣ್ಣ ಇಲ್ಲದ ಕುಬಸ ಹೆಂಗ ಮಾಡೋದು? ನೀ ಬರೀಲಿಲ್ಲಂದ್ರ ಏಸಿ ಹಿಂಗ ಬಿಚ್ಚಿಟ್ಟು ಹೋಗ್ತೇನಿ ನೋಡು.”

ಹೊರಗೆ ನಲವತ್ತೆಂಟು ಡಿಗ್ರಿ. ಬಿಚ್ಚಿದ ಏಸಿ ಕರುಳು ಹೊರಬಿದ್ದ ತಿಮಿಂಗಿಲದಂತೆ ಬಾಯಿ ತೆರೆದಿತ್ತು. ರೋಹಿದಾಸ ಮತ್ತೊಂದು ಹಾಳೆ ಸಿಕ್ಕಿಸಿದ.

“ಹಂಝ, ನಿನಗೂ ಏನಾದ್ರೂ ಉಂಟಾ?” ಎಂದು ಸೋತ ದನಿಯಲ್ಲಿ ಕೇಳಿದ.

ಹಂಝ ಪ್ರಾಮಾಣಿಕವಾಗಿ ಯೋಚಿಸಿದ. “ನನಗೆ ಮದುವೆ ಇಲ್ಲ, ಹಬ್ಬ ಇಲ್ಲ ಭಾಯಿ. ಆದ್ರೆ ನೀವೆಲ್ಲ ಹೋದ್ರೆ ನಾನು ಇಲ್ಲಿ ಯಾರಿಗೆ ಚಹಾ ಮಾಡುದು? ನನ್ನದೂ ಹಾಕಿ.”

ಸಂಜೆ ಐದಕ್ಕೆ, ಮೂರನೆಯ ವಾಚನ ಮುಗಿಸಿ ನಾಲ್ವರೂ ಮೆರವಣಿಗೆಯಂತೆ ಉಸ್ತಾದರ ಕೋಣೆಗೆ ಹೋದಾಗ ಕಾಯಿದೆ ಮೂರು ಪುಟವಾಗಿತ್ತು. ಶಿರೋನಾಮೆ ‘ರೋಹಿದಾಸ ಹಾಗೂ ಇತರರ ಪರಿಹಾರಾರ್ಥ’ ಎಂದಾಗಿತ್ತು. ಉಸ್ತಾದರು ಅದನ್ನು ಪೂರ್ತಿ ಓದಿದರು. ಅವರ ಮಡಿಲಲ್ಲಿ ಪುಸ್ತಕವಿತ್ತು; ಮಧ್ಯಾಹ್ನವಿಡೀ ಅವರೂ ಅದನ್ನೇ ಓದಿದ್ದರು.

“ರೋಹಿದಾಸ, ಕೊನೆಯ ಪುಟಗಳನ್ನು ನೋಡಿದೆಯಾ?”

“ಇಲ್ಲ ಉಸ್ತಾದ್.”

“ಅಂಬಿಗನಿಗೆ ಕೊಟ್ಟದ್ದು ಕೇಳಿ ಗಿರಣಿಯವನು ಬಂದ. ಗಿರಣಿಯವನ ಹಿಂದೆ ಊರೇ ಬಂತು. ಕೊನೆಗೆ ಸಭೆಗೆ ಬೇರೆ ಕೆಲಸವೇ ಇಲ್ಲದಂತಾಯಿತು. ಆಗ ಅವರು ತಮ್ಮ ಸಂವಿಧಾನವನ್ನೇ ತಿದ್ದಿದರು: ಇನ್ನು ಒಬ್ಬನಿಗಾಗಿ ಕಾಯಿದೆ ಮಾಡಕೂಡದು, ಮಾಡುವುದಾದರೆ ಎಲ್ಲರಿಗೂ ಒಂದೇ.” ಉಸ್ತಾದರ ದನಿಯಲ್ಲಿ ಬೇಸರವಿರಲಿಲ್ಲ, ಭಕ್ತಿಯಿತ್ತು. “ಐವತ್ತು ವರ್ಷದಲ್ಲಿ ಅವರು ಕಲಿತದ್ದನ್ನು ನೀವು ಒಂದೇ ದಿನದಲ್ಲಿ ನಡೆಸಿ ತೋರಿಸಿದಿರಿ. ಮಾಶಾ ಅಲ್ಲಾ! ಹೇಗೂ ಕೋರ್ಟು ಮುಚ್ಚಿದೆ. ಎಲ್ಲರಿಗೂ ರಜೆ. ಒಬ್ಬರಿಗೆ ಮೊದಲು, ಒಬ್ಬರಿಗೆ ಆಮೇಲೆ ಎಂದಿಲ್ಲ. ಉಳಿದವರ ರಜೆಯ ಕಾಗದ ಇನ್ನೂ ಆಗಬೇಕು, ನಾಳೆ ನಾಡಿದ್ದು ವಾರದ ರಜೆ. ಶನಿವಾರ ಬೆಳಗ್ಗೆ ನಾಲ್ವರೂ ಸಾಲಾಗಿ ನಿಂತು ಪಾಸ್‌ಪೋರ್ಟು ತೆಗೆದುಕೊಳ್ಳಿ.”

ದೊಡ್ಡ ಮುದ್ರೆ ಧಪ್ಪನೆ ಬಿತ್ತು. ಮೇಜಿನ ಮೇಲಿದ್ದ ರೋಹಿದಾಸನ ಪಾಸ್‌ಪೋರ್ಟನ್ನು ಉಸ್ತಾದರು ಎತ್ತಿ, ಉಳಿದ ಮೂರರ ಜೊತೆ ಸೇರಿಸಿ, ತಿಜೋರಿಗೆ ಬೀಗ ಹಾಕಿದರು.

ರೋಹಿದಾಸ ದುಃಖಿಸಲಿಲ್ಲ. ರಾತ್ರಿಯ ಸೀಟನ್ನು ಬಿಟ್ಟು ಶನಿವಾರದ್ದು ಹಿಡಿಯಲು ಧನರಾಜನಿಗೆ ಹೇಳಿದ. ಶನಿವಾರ ನಾಲ್ಕನೇ ತಾರೀಕು, ಮದುವೆ ಹತ್ತೊಂಬತ್ತಕ್ಕೆ. ಆ ಸಂಜೆ ಅವರು ಕಡಲ ಬದಿಯಲ್ಲಿ ಸಾಲಾಗಿ ನಡೆದು ಹೋಗುವಾಗ ಮೀನುಗಾರರ ದೋಣಿಗಳು ಬಂಗಾರದ ನೀರಿನಲ್ಲಿ ನಿಂತಿದ್ದವು. ಜೇಬಿನಲ್ಲಿ ಮುದ್ರೆ ಬಿದ್ದ ಕಾಯಿದೆಯ ಪ್ರತಿ ಬೆಚ್ಚಗಿತ್ತು. ಇಡೀ ನಗರ ತನಗಾಗಿ ಎದ್ದುನಿಂತಿದೆಯೆಂದು ಅವನಿಗೆ ಅನ್ನಿಸಿತು.

ಗುರುವಾರ ಬೆಳಗ್ಗೆ ಅವನನ್ನು ಎಬ್ಬಿಸಿದ್ದು ಟ್ಯಾಂಕುಗಳ ಸದ್ದು; ರಾತ್ರೋರಾತ್ರಿ ಬಾಗ್ದಾದಿನ ಸೈನ್ಯ ಗಡಿ ದಾಟಿ ನಗರಕ್ಕೆ ನುಗ್ಗಿತ್ತು. ಅದು ಸಾವಿರದ ಒಂಬೈನೂರ ತೊಂಬತ್ತರ ಆಗಸ್ಟ್ ಎರಡು.

ಶನಿವಾರ ಬಂತು, ಶರ್ಕಿನ ರಸ್ತೆ ತೆರೆಯಲಿಲ್ಲ. ಹತ್ತೊಂಬತ್ತನೇ ತಾರೀಕು ಬಂತು. ಮುಹೂರ್ತದ ಹೊತ್ತಿಗೆ ರೋಹಿದಾಸ ರೊಟ್ಟಿಯ ಸಾಲಿನಲ್ಲಿ ನಿಂತಿದ್ದ. ತಿಂಗಳ ಕೊನೆಗೆ ನಾಲ್ವರೂ ಬಸ್ಸು ಹತ್ತಿ, ಬಸ್ರಾ, ಬಾಗ್ದಾದ್ ದಾಟಿ, ಮರುಭೂಮಿ ದಾಟಿ, ಅಮ್ಮಾನಿನ ಹೊರಗಿನ ಶಿಬಿರ ಸೇರಿದರು. ಅಲ್ಲಿ ನಮ್ಮ ಸರಕಾರದ ಅಧಿಕಾರಿಯೊಬ್ಬರು ಮೇಜು ಹಾಕಿಕೊಂಡು ಕುಳಿತಿದ್ದರು.

“ಪಾಸ್‌ಪೋರ್ಟ್?”

“ತಿಜೋರಿಯಲ್ಲಿ, ಸರ್.”

“ಬೇರೆ ಕಾಗದ?”

ರೋಹಿದಾಸ ಜೇಬಿನಿಂದ ಬೆವರಿಗೆ ಮೆತ್ತಗಾದ ಕಾಯಿದೆಯನ್ನು ತೆಗೆದುಕೊಟ್ಟ. ಅಧಿಕಾರಿ ಮೂರು ಪುಟವನ್ನೂ ಓದಿದರು. ಒಮ್ಮೆ ಅವನ ಮುಖ, ಒಮ್ಮೆ ಮುದ್ರೆ ನೋಡಿದರು. ಸೋಣದ ಮುಹೂರ್ತದ ಸಾಲಿಗೆ ಬಂದಾಗ ಅವರ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಕೊನೆಗೆ ಪಟ್ಟಿಯಲ್ಲಿ ಬರೆದುಕೊಂಡರು: ರೋಹಿದಾಸ ಹಾಗೂ ಇತರರು.

ಶಿಬಿರದಲ್ಲೊಂದು ಫೋನಿತ್ತು, ಒಬ್ಬರಿಗೆ ಒಂದು ನಿಮಿಷ. ಪಡುಬಿದ್ರಿಯ ಅಂಗಡಿಯ ಫೋನಿಗೆ ಅಪ್ಪಿಯನ್ನು ಕರೆಸುವುದರಲ್ಲೇ ಮುಕ್ಕಾಲು ನಿಮಿಷ ಮುಗಿಯಿತು.

“ಅಣ್ಣಾ, ಬದುಕಿದ್ದೀಯಾ!” ಎಂದು ಅವಳು ಅತ್ತಳು. ಆಮೇಲೆ ತಡೆದು ತಡೆದು ಹೇಳಿದಳು: “ಅಮಿತಾಳ ಮದುವೆ ಆಯ್ತು, ಅದೇ ಬುಕ್ ಮಾಡಿದ ಹಾಲ್ ಒಳಗೆ, ಅದೇ ಮುಹೂರ್ತಕ್ಕೆ. ಬೊಂಬಾಯಿಯವನೊಟ್ಟಿಗೆ. ಅಡುಗೆಯವರಿಗೆ ಹೇಳಿ ಆಗಿತ್ತಲ್ಲ...”

ಮರುದಿನ ಬೆಳಗ್ಗೆ ಧ್ವನಿವರ್ಧಕ ವಿಮಾನಕ್ಕೆ ಹೋಗುವವರ ಹೆಸರು ಕರೆಯತೊಡಗಿತು. ಸಾವಿರಾರು ಗುಡಾರಗಳ ಆ ಬಯಲು ಒಮ್ಮೆಗೇ ಮೌನವಾಯಿತು. ಮಕ್ಕಳು ಅಳು ನಿಲ್ಲಿಸಿದರು. ರೊಟ್ಟಿ ಹಂಚುವವರ ಕೈ ಗಾಳಿಯಲ್ಲೇ ನಿಂತಿತು. ಒಂದು ಹೆಸರು, ಮೌನ. ಇನ್ನೊಂದು ಹೆಸರು, ಮೌನ. ಪ್ರತಿ ಹೆಸರಿಗೂ ಒಬ್ಬೊಬ್ಬರು ಧೂಳಿನಿಂದ ಏಳುತ್ತಿದ್ದರು. ಕೊನೆಗೆ ಮರುಭೂಮಿಯ ಈ ತುದಿಯಿಂದ ಆ ತುದಿಯವರೆಗೆ ರೋಹಿದಾಸನ ಹೆಸರು ಮೂರು ಸಲ ಮೊಳಗಿತು. ಅಂಬಿಗನಿಗೂ ಇಷ್ಟು ದೊಡ್ಡ ಸಭೆ ದೊರೆತಿರಲಿಲ್ಲ. ಅವನಿಗೆ ಮತ್ತೆ ಮೈ ಜುಮ್ಮೆಂದಿತು.

ವಿಮಾನದ ಬಸ್ಸಿನಲ್ಲಿ ನಾಲ್ವರಿಗೂ ಸೀಟು ಸಿಕ್ಕಿತು. ಕುಬಸಕ್ಕೆ ಇನ್ನೂ ಮೂರು ವಾರವಿದೆಯೆಂದು ಬಾಳಪ್ಪ ಲೆಕ್ಕ ಹಾಕಿದ. ಹಂಝ ಎಲ್ಲಿಂದಲೋ ಚಹಾ ತಂದ. ಬೊನವೆಂಚರ್ ಮಾತ್ರ ತಪ್ಪು ಒಪ್ಪಿಕೊಳ್ಳುವವನಂತೆ ಮೆಲ್ಲಗೆ ಹೇಳಿದ:

“ರೋಹಿ, ನನಗೆ ತೆನೆ ಊಟದ ಹೊತ್ತಿಗೆ ಊರು ಸಿಗ್ತದೆ ಮಾರಾಯ. ಬೇಜಾರು ಮಾಡ್ಬೇಡ. ಇವತ್ತು ತಾರೀಕು ಎಷ್ಟು, ಗೊತ್ತುಂಟಾ?”

“ಎಷ್ಟು?”

“ಸೆಪ್ಟೆಂಬರ್ ಐದು. ನಿನ್ನ ಎರಡು ವರ್ಷ ತುಂಬಿತು. ಇನ್ನು ನಿನಗೆ ಯಾವ ಕಾಯಿದೆಯೂ ಬೇಡ.”