ಅರ್ಧ ತಾಸಿನ ಧ್ಯಾಸ

ಗಮನವಿಟ್ಟು ಕೇಳುವುದು ಹೇಗೆಂದು ವಿಚಾರಿಸಲು ಹೋದವಳ ಮಾತನ್ನೇ ಯಾರೂ ಗಮನವಿಟ್ಟು ಕೇಳುವುದಿಲ್ಲ. ಈ ಕೆಲಸಕ್ಕೆ ಸೇರಿದಂದಿನಿಂದ ನನಗೆ ಇದೇ ಆಗುತ್ತಿದೆ.

ಬಿ.ಎಸ್ಸಿ. ಮುಗಿಸಿ ಯಾದಗಿರಿಯಲ್ಲಿ ಪ್ರಾಧ್ಯಾಪಕರೊಬ್ಬರ ಯೋಜನೆಗೆ ಸೇರಿದ್ದೇನೆ. ಟಿ.ವಿ., ಫೋನು ಬರುವ ಮೊದಲು ನಮ್ಮ ಕಡೆಯ ಜನ ಪುರಾಣ, ಕಥೆ, ರೇಡಿಯೊ ಹೇಗೆ ಕೇಳುತ್ತಿದ್ದರು, ಅವರ ಧ್ಯಾಸ, ಅಂದರೆ ಗಮನ, ಎಷ್ಟು ಹೊತ್ತು ಕದಲದೆ ನಿಲ್ಲುತ್ತಿತ್ತು ಎಂಬುದು ವಿಷಯ. ಕೆಲಸ ತಾತ್ಕಾಲಿಕ. ಸರ್ ಹೇಳಿದ್ದು ಇಷ್ಟೇ: "ಒಬ್ಬರಾದ್ರೂ ಅರ್ಧ ತಾಸು ತಡೆಯಿಲ್ಲದೆ ಮಾತಾಡಿದ ರೆಕಾರ್ಡಿಂಗ್ ಬೇಕು. ತಿಂಗಳ ಕೊನೆಗೆ ಅದು ಬರದಿದ್ರ ನಿಮ್ಮನ್ನ ಮುಂದುವರಿಸೋದು ಕಷ್ಟ."

ಅರ್ಧ ತಾಸು. ಅದೇನು ಮಹಾ ಎಂದುಕೊಂಡೆ.

ಸಗರದ ಕಟ್ಟೆ

ಮೊದಲು ಸಿಕ್ಕವರು ಸಗರದ ಒಬ್ಬ ಹಿರಿಯ ರೈತ. ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತು ಶುರು ಮಾಡಿದರು.

"ನಮ್ಮ ಕಾಲದಾಗ ಪುರಾಣ ನಡದ್ರ, ತಂಗಿ, ಮುಂದ ಹಾವು ಹರದ್ರೂ ಯಾರೂ ತಿರುಗಿ ನೋಡ್ತಿದ್ದಿಲ್ಲ. ಹಂಗಿತ್ತು ಧ್ಯಾಸ. ಏ, ಎಲ್ಲಿಗಿ ಹೊಂಟಿಪಾ?"

"ಹೊಲಕ್ಕ, ಕಾಕಾ."

"ಹ್ಞಾಂ, ಏನ್ ಹೇಳಾಕತ್ತಿದ್ದೆ? ಧ್ಯಾಸ. ಈಗಿನವ್ರಿಗಿ ಅದು... ಏ, ಎಮ್ಮಿ ಈದದೇನೋ?"

ಕಟ್ಟೆಯ ಮೇಲೆ ಕುಳಿತವರು ದಾರಿಹೋಕರನ್ನು ಮಾತಾಡಿಸದಿದ್ದರೆ ಸೊಕ್ಕು ಬಂದಿದೆ ಎನ್ನುತ್ತಾರೆ, ನನಗೂ ಗೊತ್ತು. ಆದರೆ ಅಂದು ಇಡೀ ಸಗರವೇ ಆ ದಾರಿ ಹಿಡಿದಿತ್ತು. ಸೋತು ಕೇಳಿದೆ: "ಒಳಗ ಕುಂತು ಮಾತಾಡೋಣೇನ್ರಿ?"

ಅವರು ಗಾಬರಿಯಾದರು. "ಬ್ಯಾಡವ್ವಾ. ಒಳಗ ಕುಂತ್ರ ಧ್ಯಾಸೆಲ್ಲಾ ಹೊರಗ ಇರ್ತದ."

ಹುಣಸಗಿಯ ಏಕಾಗ್ರತೆ

ಚಿತ್ತ ಒಂದೆಡೆ ನಿಲ್ಲಿಸುವುದನ್ನು ಇವರಿಂದ ಕಲಿಯಬೇಕು ಎಂದು ಹುಣಸಗಿಯಲ್ಲಿ ಒಬ್ಬ ಬೀಜ-ಗೊಬ್ಬರದ ಅಂಗಡಿಯವರನ್ನು ತೋರಿಸಿದರು. ನಾನು ಹೋದಾಗ ಅವರ ಪೂಜೆಯ ಹೊತ್ತು.

"ರೆಕಾರ್ಡ್ ಹಚ್ಚಿಡ್ರಿ ಮೇಡಂ. ಪೂಜಾ ಮುಗದಕೂಡ್ಲೆ ಮಾತು ಶುರು ಮಾಡ್ತೀನಿ" ಎಂದು ಅಂಗಡಿಯ ಮೂಲೆಯಲ್ಲೇ ಕಣ್ಣು ಮುಚ್ಚಿ ಕುಳಿತರು.

ಗಿರಾಕಿಯೊಬ್ಬ ಬಂದು ಹತ್ತಿ ಬೀಜ ಕೇಳಿದ. ಮುಚ್ಚಿದ ಕಣ್ಣು ಮುಚ್ಚಿದಂತೆಯೇ ಇತ್ತು. ಹೆಬ್ಬೆರಳು ಎಡಗಡೆಯ ಕಪಾಟು ತೋರಿಸಿತು. ಇನ್ನೊಬ್ಬ, "ಕಾಲುವಿಗಿ ನೀರು ಬಿಟ್ಟಾರೇನ್ರಿ?" ಎಂದ. ಇಲ್ಲವೆಂದು ತಲೆ ಆಡಿತು. ಮೂರನೆಯವನು ಕೆಳಗಿನ ಚೀಲವನ್ನು ಎಳೆಯಲು ನೋಡಿದ. ಚಿಟಿಕೆ ಹೊಡೆದು ಮೇಲಿನದು ತಗೋ ಎಂದು ಸನ್ನೆ ಮಾಡಿದರು.

ಅವರು ಕಣ್ಣು ತೆರೆಯುವ ಹೊತ್ತಿಗೆ ನನ್ನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅರ್ಧ ತಾಸಿನ ರೆಕಾರ್ಡಿಂಗ್ ಸಿಕ್ಕಿತ್ತು. ಅವರದೊಂದು ಮಾತೂ ಅದರಲ್ಲಿರಲಿಲ್ಲ.

"ಕಣ್ಣು ಮುಚ್ಚಿದ್ರಿ. ಇಷ್ಟೆಲ್ಲಾ ಹೆಂಗ ಗೊತ್ತಾತ್ರಿ?" ಎಂದೆ.

"ಚಿತ್ತ ಒಂದs ಕಡಿ ಇದ್ರ, ಮೇಡಂ, ಎಲ್ಲಾ ಕಡೀದೂ ಗೊತ್ತಾಗ್ತದ."

ದೇವಾಪುರದ ಅಜ್ಜಿ

ತಿಂಗಳ ಕೊನೆಯ ದಿನ ದೇವಾಪುರಕ್ಕೆ ಹೋದೆ. ಅಲ್ಲೊಬ್ಬ ಅಜ್ಜಿ ಕಥೆ ಹೇಳುತ್ತಾಳೆ, ದಾರಿಯಿಂದ ದೂರ ಹಿತ್ತಲಲ್ಲಿ ಕುಳಿತು. ಅದನ್ನು ಕೇಳಿಯೇ ಹೋಗಿದ್ದೆ.

"ನೀ ಹೂಂ ಅನಬೇಕು ಮತ್ತ. ಹೂಂ ಅನ್ನೋರಿಲ್ಲಂದ್ರ ಕಥಿ ನಿಲ್ತದ" ಎಂದಳು. ಒಪ್ಪಿ ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ ನೆಲದ ಮೇಲಿಟ್ಟೆ.

"ರಾಜ ಬೇಟಿಗಿ ಹೋದ."

"ಹೂಂ."

ಇಪ್ಪತ್ತು ನಿಮಿಷ ದಾಟಿತು. ನನ್ನ ಕಣ್ಣು ಫೋನಿನ ಅಂಕಿಗಳ ಮೇಲೆ.

"ಹುಲಿ ರಾಜಗ ಬಿಸಿ ರೊಟ್ಟಿ ಬಡದು ಕೊಡ್ತು."

"ಹೂಂ."

"ಹುಲಿ ರೊಟ್ಟಿ ಬಡೀತದೇನಬೇ? ಧ್ಯಾಸ ಎಲ್ಲಿಟ್ಟಿ? ಮೊದಲಿಂದ ಕೇಳು!"

ಹೂಂ ಅನ್ನುವವರು ನಿಜವಾಗಿ ಕೇಳುತ್ತಿದ್ದಾರೋ ಇಲ್ಲವೋ ಎಂದು ಹೀಗೆ ಪರೀಕ್ಷೆ ಮಾಡುವುದು ಅವಳ ಪದ್ಧತಿಯಂತೆ. "ಅರ್ಧ ತಾಸು ಆಗದಿದ್ರ ನನ್ನ ಕೆಲಸ ಹೋಗ್ತದ, ಆಯೀ" ಎಂದು ನಿಜ ಹೇಳಿದೆ. ಅಜ್ಜಿ ಮೆತ್ತಗಾಗಿ ಮತ್ತೆ ಶುರು ಮಾಡಿದಳು. ರಾಜ ಇನ್ನೂ ಬೇಟೆಗೆ ಹೊರಟಿರಲಿಲ್ಲ, ಫೋನು ಬಂತು. ರೆಕಾರ್ಡಿಂಗ್ ನಿಂತಿತು. ಸರ್.

"ಯಾರು?"

"ನನ್ನ ಕೆಲಸಕ್ಕ ಇಟ್ಕೊಂಡವ್ರು, ಆಯೀ."

"ಇಲ್ಲಿ ಕೇಳೂಹಂಗ ಮಾಡು." ಸ್ಪೀಕರ್ ಹಚ್ಚಿದೆ. ಅಜ್ಜಿ ಬಾಗಿದಳು. "ಯಪ್ಪಾ, ಕಥಿ ಹೇಳಾಕತ್ತೀನಿ. ನಡುವ ಬಂದಿದಿ, ನೀನs ಹೂಂ ಅನ್ನು."

"ಆಗ್ಲಿ, ಹೇಳ್ರಿ ಅಮ್ಮಾ" ಎಂದರು ಸರ್. ಹಿಂದೆಯೇ ಕಂಪ್ಯೂಟರ್ ಕೀಲಿಗಳು ಟಕಟಕ ಎನ್ನತೊಡಗಿದವು.

"ರಾಜ ಆನಿ ಮ್ಯಾಲ ಕುಂತ."

"ಹೂಂ." ಟಕಟಕ.

"ಆನಿ ರಾಜನ ಮ್ಯಾಲ ಕುಂತಿತು."

"ಹೂಂ." ಟಕಟಕ.

ಅಜ್ಜಿ ನನ್ನತ್ತ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅದೇ ದನಿಯಲ್ಲಿ, "ಈ ಹುಡುಗಿನ್ನ ಇನ್ನೊಂದು ವರ್ಷ ಕೆಲಸದಾಗ ಇಟ್ಕೊಂಡಿ" ಎಂದಳು.

"ಹೂಂ."

"ಪಗಾರನೂ ಹೆಚ್ಚು ಮಾಡಿದಿ."

ಟಕಟಕ ನಿಂತಿತು. "ಏನಂದ್ರಿ?"

ಅಜ್ಜಿ ಫೋನನ್ನು ಅಂಗೈಯಿಂದ ಮುಚ್ಚಿದಳು. "ಪಗಾರ ಅಂದಕೂಡ್ಲೆ ಎದ್ದು ಕುಂತ ನೋಡು. ಹೋಗ್ಲಿ ಬಿಡು, ಕೆಲಸ ಆಗಲೇ ಕೊಟ್ಟಾನ."