ವೀಳ್ಯದೆಲೆಯ ವಿಸಿಟಿಂಗ್ ಕಾರ್ಡು

ತೊಂದರೆ ಶುರುವಾದದ್ದು ಒಂದು ಕಾರ್ಡಿನಿಂದ. ಮಂಗಳೂರಿನ ಪಂಪುಸೆಟ್ ಕಂಪೆನಿಯ ಆಫೀಸಿನಲ್ಲಿ ಅಧಿಕಾರಿ ಮೇದಪ್ಪ ಕೈ ಮುಂದೆ ಮಾಡಿ “ನಿಮ್ಮ ಕಾರ್ಡು?” ಎಂದಾಗ, ಕಡಬದ ಸರ್ವೋತ್ತಮ ಕಿಸೆಯಿಂದ ರೇಷನ್ ಕಾರ್ಡು ತೆಗೆದು ಕೊಟ್ಟಿದ್ದ.

ಮೇದಪ್ಪ ಅದನ್ನು ತಿರುವಿ ನೋಡಿದ. ಮನೆಯಲ್ಲಿ ತಾಯಿ, ಮಗ, ಮಗಳು ಎಂದು ಮೂರು ಜನ ಇರುವುದನ್ನೂ ಆ ತಿಂಗಳ ಸಕ್ಕರೆ ಇನ್ನೂ ತಂದಿಲ್ಲದಿರುವುದನ್ನೂ ತಿಳಿದುಕೊಂಡು ಮರ್ಯಾದೆಯಿಂದಲೇ ಹಿಂದೆ ಕೊಟ್ಟ.

“ಇದಲ್ಲ ಮಾರಾಯ್ರೆ, ವಿಸಿಟಿಂಗ್ ಕಾರ್ಡು. ನಿಮ್ಮ ಹೆಸರು ಜನರ ಮನಸ್ಸಲ್ಲಿ ಕೂತ್ಕೊಳ್ಬೇಕಲ್ಲ? ಅದಿಲ್ಲದೆ ವ್ಯಾಪಾರ ಮಾಡುದು ಹೇಗೆ? ಕಡಬದ ಏಜೆನ್ಸಿಗೆ ನೀವು ಮತ್ತೆ ಜತ್ತಪ್ಪ ಅಂತ ಇನ್ನೊಬ್ಬರು ಕೇಳಿದ್ದೀರಿ. ಮುಂದಿನ ಭಾನುವಾರ ನಾನು ಆ ಕಡೆ ಬರ್ಲಿಕ್ಕುಂಟು. ಯಾರಿಗೆ ಜನಬಳಕೆ ಹೆಚ್ಚುಂಟು ನೋಡಿ ಅವರಿಗೆ ಕೊಡುದು.”

ಸರ್ವೋತ್ತಮನಿಗೆ ಈ ಏಜೆನ್ಸಿ ಬೇಕೇ ಬೇಕಿತ್ತು. ಸೈಕಲ್ ಬಾಡಿಗೆ ಅಂಗಡಿ, ಸೋಡಾ ಅಂಗಡಿ, ಕೋಳಿ ಸಾಕಣೆ ಮೂರನ್ನೂ ಅವನು ಭಾರಿ ಹುರುಪಿನಿಂದ ಆರಂಭಿಸಿ ಅಷ್ಟೇ ಬೇಗ ಮುಚ್ಚಿದ್ದ. ಕೋಳಿಗಳಂತೂ ಅವನಿಗಿಂತ ಮೊದಲೇ ಕೈಬಿಟ್ಟಿದ್ದವು. ಇದೂ ಕೈಗೂಡದಿದ್ದರೆ ಮಡಿಕೇರಿ ಕಡೆ ಮಾವನ ಕಾಫಿತೋಟಕ್ಕೆ ಲೆಕ್ಕ ಬರೆಯುವ ರೈಟರಾಗಿ ಹೋಗಬೇಕೆಂದು ತಾಯಿ ವಾರಿಜಾಕ್ಷಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಆ ಮಾವ ಆಳುಗಳಿಗಿಂತ ಹೆಚ್ಚಾಗಿ ನೆಂಟರನ್ನು ಬೈಯುವವರು. ಅವರ ಹೆಸರೆತ್ತಿದರೆ ಸಾಕು, ಸರ್ವೋತ್ತಮನಿಗೆ ಊಟ ಸೇರುತ್ತಿರಲಿಲ್ಲ.

ಹಾಗಾಗಿ ವಾಪಸು ಬರುವಾಗ ಪುತ್ತೂರಿನಲ್ಲೇ ಬಸ್ಸಿಳಿದು ಹಕೀಮನ ಪ್ರೆಸ್ಸಿಗೆ ಹೋದ. ಎಲ್ಲರ ಹಾಗೆ ಬಿಳಿ ಕಾರ್ಡು ಮಾಡಿಸಿದರೆ ಜನ ಅದರಲ್ಲಿ ಹಲ್ಲಿನ ಸಂದಿ ಕೆದಕಿ ಬಿಸಾಡುತ್ತಾರೆ. ಬಿಸಾಡಲು ಮನಸ್ಸು ಬಾರದ ಕಾರ್ಡು ಬೇಕು. ಬಸ್ಸಿನಲ್ಲಿ ಪಕ್ಕದವರು ಎಲೆಯಡಿಕೆ ಹಾಕುವುದನ್ನು ನೋಡುತ್ತಾ ಅವನಿಗೆ ಅದು ಹೊಳೆದಿತ್ತು. ವೀಳ್ಯದೆಲೆಯ ಆಕಾರದಲ್ಲೇ ಕತ್ತರಿಸಿದ ಹಸಿರು ಕಾರ್ಡು! ಅದರ ಮೇಲೆ ಕೆಂಪು ಅಕ್ಷರ, ನಡುವೆ ಪಂಪಿನ ಚಿತ್ರ, ಕೆಳಗೆ ಮೇದಪ್ಪ ಬರುವ ಭಾನುವಾರಕ್ಕೇ ಮನೆಗೆ ಆಹ್ವಾನ.

“ಪಂಪಿನ ಚಿತ್ರದ ಬ್ಲಾಕ್ ನನ್ನತ್ರ ಇಲ್ಲ. ಕಲಶದ್ದು ಉಂಟು,” ಎಂದ ಹಕೀಮ್. “ಅದರಲ್ಲಿಯೂ ನೀರೇ ಅಲ್ವಾ ಇರುದು?”

ಸರ್ವೋತ್ತಮ ಒಪ್ಪಿದ. ಕಾರ್ಡು ಕೈಗೆ ಬಂದಾಗ ನೋಡಿದರೆ, ಎಲೆಯ ಆಕಾರಕ್ಕೆ ಕತ್ತರಿಸುವ ಗಡಿಬಿಡಿಯಲ್ಲಿ ಕೊನೆಯ ಸಾಲು ಚೂಪು ತುದಿಯ ಆಚೆ ತುಂಡಾಗಿ ಹೋಗಿತ್ತು. ಹೋದ ಸಾಲು “ಪಂಪುಸೆಟ್ ಏಜೆಂಟರು”. ಉಳಿದದ್ದು ಕಲಶ, ಅದರ ಕೆಳಗೆ ಅವನ ಹೆಸರು, ಮನೆಯ ವಿಳಾಸ, ಮತ್ತೆ “ಭಾನುವಾರ ಬೆಳಿಗ್ಗೆ ಮನೆಯಲ್ಲಿ ತಮಗಾಗಿ ಕಾದಿರುತ್ತೇನೆ. ಅಗತ್ಯ ಬರಬೇಕು.”

“ಮುಖ್ಯ ಸಾಲೇ ಹೋಯ್ತಲ್ಲ ಹಕೀಮ್!”

“ಅದನ್ನು ಬಾಯಲ್ಲಿ ಹೇಳಿ ಮಾರಾಯ್ರೆ. ನಿಮಗೆ ಬಾಯಿ ಉಂಟಲ್ಲ?”

ಬಾಯಿ ಇತ್ತು, ಆದರೆ ಸರ್ವೋತ್ತಮ ಅದನ್ನು ಬಳಸಲಿಲ್ಲ. ಮೊದಲೇ ಪಂಪು ಎಂದುಬಿಟ್ಟರೆ ಯಾರು ಬರುತ್ತಾರೆ, ಸ್ವಲ್ಪ ಕುತೂಹಲ ಇರಲಿ ಎಂದುಕೊಂಡ. ಕಡಬ ಪೇಟೆಯ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ, ಬಾಗಿ, ಎರಡೂ ಕೈಯಲ್ಲಿ ಕಾರ್ಡು ಕೊಟ್ಟ. “ವಿಷಯ ಎಂತ?” ಎಂದು ಕೇಳಿದವರಿಗೆ “ಬನ್ನಿ, ಬಂದ ಮೇಲೆ ಗೊತ್ತಾಗ್ತದೆ” ಎಂದು ನಕ್ಕ. ಕೆಲವು ಹೆಂಗಸರು ಕಾರ್ಡನ್ನು ಕಣ್ಣಿಗೆ ಒತ್ತಿಕೊಂಡದ್ದು ನೋಡಿ ತನ್ನ ಬುದ್ಧಿಯ ಬಗ್ಗೆ ತಾನೇ ಹೆಮ್ಮೆಪಟ್ಟ.

ಆ ಬುದ್ಧಿಗೆ ಒಂದು ಸಣ್ಣ ವಿಷಯ ಮಾತ್ರ ಹೊಳೆದಿರಲಿಲ್ಲ. ಅವರ ಜನರಲ್ಲಿ ಮದುವೆ ಗಟ್ಟಿ ಮಾಡುವುದಕ್ಕೆ ವೀಳ್ಯಶಾಸ್ತ್ರ ಎಂದೇ ಹೆಸರು. ಮದುವೆಯ ವಯಸ್ಸಿಗೆ ಬಂದ ತಂಗಿ ಇರುವ ಮನೆಯ ಗಂಡಸು ಬಾಗಿಲಿಗೆ ಬಂದು, ಬಾಗಿ, ಎರಡು ಕೈಯಲ್ಲಿ ವೀಳ್ಯದೆಲೆ ಕೊಟ್ಟು ಭಾನುವಾರ ಬನ್ನಿ ಎಂದರೆ ಅದನ್ನು ಯಾರೂ ಓದುತ್ತಾ ಕೂರುವುದಿಲ್ಲ. ರೇಷ್ಮೆ ಸೀರೆ ಹುಡುಕುತ್ತಾರೆ.

ಭಾನುವಾರ ಬೆಳಿಗ್ಗೆ ಸರ್ವೋತ್ತಮ ಹಲ್ಲುಜ್ಜುತ್ತಿದ್ದಾಗಲೇ ದುಗ್ಗಪ್ಪಜ್ಜ ಸಂಸಾರ ಸಮೇತ ಅಂಗಳಕ್ಕೆ ಇಳಿದರು. ಊರಿನ ಯಾವ ಮದುವೆಯ ಮಾತುಕತೆಯೂ ಈ ಅಜ್ಜ ಇಲ್ಲದೆ ಮುಗಿಯುತ್ತಿರಲಿಲ್ಲ, ಅವರಿದ್ದರೆ ಬೇಗ ಮುಗಿಯುತ್ತಲೂ ಇರಲಿಲ್ಲ.

“ಮದುಮಗ ಎಷ್ಟು ಗಂಟೆಗೆ ಬರುದು?” ಎಂದರು ಅಜ್ಜ.

“ಯಾರ ಮದುಮಗ?”

“ನಾಚಿಕೆ ಎಂತಕ್ಕೆ ಮಾರಾಯ? ಹುಡುಗನ ಕಡೆಯವರಿಗೆ ಕೂತ್ಕೊಳ್ಳಿಕ್ಕೆ ಚಾಪೆ ಎಲ್ಲಿ?”

ಸರ್ವೋತ್ತಮನ ಬಾಯಿಂದ ನೊರೆ ಅಂಗಿಯ ಮೇಲೆ ಇಳಿಯಿತು. “ಅಜ್ಜ, ಇದು ಅದಲ್ಲ. ಇದು ಪಂಪಿನದ್ದು.”

“ಪಂಪ್ ಹಾಕುವ ಗ್ಯಾಸ್‌ಲೈಟಾ? ಹಗಲಲ್ಲಿ ಎಂತಕ್ಕೆ ಅದು? ಸಾಯಂಕಾಲ ನೋಡುವ.”

ಅಷ್ಟರಲ್ಲಿ ಪಕ್ಕದ ದಿನಸಿ ಅಂಗಡಿಯ ಸುಲೈಮಾನ್ ಒಂದು ಅಕ್ಕಿಮೂಟೆ ಹೊರಿಸಿಕೊಂಡು ಬಂದರು. “ಊರ್ಮಿಳಾನ ಕಾರ್ಯ ಅಂತ ನನಗೆ ಮೊದಲೇ ಹೇಳ್ಬಾರ್ದಾ ಸರ್ವೋತ್ತಮಣ್ಣ? ಎಲ್ಲ ಈಗ ಓಡಿ ಓಡಿ ಆಗ್ಬೇಕು,” ಎಂದು ಬೈದು ತೆಂಗಿನಕಾಯಿ ತರಲು ಓಡಿದರು. ಅವರ ಹಿಂದೆ ಪೇಟೆಗೆ ಪೇಟೆಯೇ ಬಂತು. ಕೂರಲು ಚಾಪೆ ಸಾಲದೆ ಜನ ಬಾವಿಕಟ್ಟೆಯ ಸುತ್ತ ನಿಂತರು.

ಅಡುಗೆಮನೆಯ ಬಾಗಿಲಲ್ಲಿ ತಂಗಿ ಊರ್ಮಿಳಾ ಹಿಟ್ಟಿನ ಕೈಯಲ್ಲೇ ಅಣ್ಣನನ್ನು ತಡೆದಳು. “ಅಣ್ಣ, ನನಗೆ ಇವತ್ತು ವೀಳ್ಯಶಾಸ್ತ್ರ ಅಂತೆ. ನಿನಗೆ ಗೊತ್ತುಂಟಾ?”

ಸರ್ವೋತ್ತಮ ಎಲ್ಲ ಹೇಳಿದ. ಅವಳು ಬಿದ್ದು ಬಿದ್ದು ನಕ್ಕಳು. ವಾರಿಜಾಕ್ಷಿ ನಗಲಿಲ್ಲ. “ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸ್ಲಿಕ್ಕೆ ಉಂಟಾ? ಮೊದಲು ಒಲೆ ಹಚ್ಚಿ. ಮತ್ತೆ ಇವನನ್ನು ನೋಡ್ಕೊಳ್ತೇನೆ,” ಎಂದರು.

ಒಲೆ ಹಚ್ಚಿದವನು ಜತ್ತಪ್ಪ. ಏಜೆನ್ಸಿ ಕೇಳಿದ್ದ ಅದೇ ಜತ್ತಪ್ಪ, ಪೇಟೆಯ ಕಬ್ಬಿಣದ ಸಾಮಾನಿನ ಅಂಗಡಿಯವನು. ಸ್ಪರ್ಧೆ ಏನೇ ಇದ್ದರೂ ನೆರೆಮನೆಯ ಹೆಣ್ಣಿನ ಕಾರ್ಯ ಎಂದರೆ ಕೈಕಟ್ಟಿ ಕೂರುವ ಜಾತಿಯವನಲ್ಲ ಅವನು. ತಲೆಗೆ ಬೈರಾಸು ಸುತ್ತಿ, ಹಿತ್ತಲಲ್ಲಿ ಕಲ್ಲು ಇಟ್ಟು, ಹಂಡೆ ಏರಿಸಿ, ಯಾರು ತೆಂಗಿನಕಾಯಿ ತುರಿಯಬೇಕು, ಯಾರು ಎಲೆ ಹಾಸಬೇಕು ಎಂದು ಹೆಸರು ಹಿಡಿದು ಕೂಗಿ ಕೆಲಸ ಹಂಚಿದ.

ಸರ್ವೋತ್ತಮ ರಸ್ತೆಯ ಕಡೆ ನೋಡುತ್ತಾ ನಿಂತ. ಜನರಿಗೆ ನಿಜ ಹೇಳಿದರೆ ಊರಲ್ಲಿ ತಲೆ ಎತ್ತುವ ಹಾಗಿಲ್ಲ. ಮೇದಪ್ಪನಿಗೆ ನಿಜ ಹೇಳಿದರೆ ಏಜೆನ್ಸಿ ಇಲ್ಲ. ಇಬ್ಬರಿಗೂ ಹೇಳದೆ ಸಂಜೆಯವರೆಗೆ ತಳ್ಳುವುದೊಂದೇ ದಾರಿ ಎಂದು ತೀರ್ಮಾನಿಸಿದ.

ಹನ್ನೊಂದರ ಹೊತ್ತಿಗೆ ಕಂಪೆನಿಯ ಕಾರು ಬಂತು. ಸಫಾರಿ ಹಾಕಿದ ಮೇದಪ್ಪ ಇಳಿದು ಅಂಗಳ ನೋಡಿ ದಂಗಾದ. ಜನ ಎದ್ದು ದಾರಿ ಬಿಟ್ಟರು. ಒಬ್ಬರು ಕಾಲಿಗೆ ನೀರು ಕೊಟ್ಟರು, ಇನ್ನೊಬ್ಬರು ಬೆಲ್ಲ ಕೊಟ್ಟರು.

“ಇಷ್ಟು ಜನವಾ! ಎಲ್ಲ ನಿಮ್ಮ ಕಾರ್ಡು ನೋಡಿ ಬಂದದ್ದಾ?” ಎಂದ ಮೇದಪ್ಪ.

“ಹೌದು,” ಎಂದ ಸರ್ವೋತ್ತಮ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹಿತ್ತಲಿಂದ ಇಣುಕಿದ ಜತ್ತಪ್ಪ ಮೇದಪ್ಪನ ಗುರುತು ಹಿಡಿದ. ಸರ್ವೋತ್ತಮನನ್ನು ಬದಿಗೆ ಎಳೆದು, “ಅಧಿಕಾರಿಯನ್ನೇ ಅಳಿಯ ಮಾಡ್ಕೊಳ್ಳುದಾ! ನನಗೆ ಇಂಥ ಬುದ್ಧಿ ಹೊಳೀಲಿಲ್ಲ ನೋಡಿ. ಏಜೆನ್ಸಿ ನಿಮಗೇ ಬಿಡಿ. ಭಾವನಿಗೆ ಕೊಡದೆ ಇನ್ಯಾರಿಗೆ ಕೊಡ್ತಾನೆ?” ಎಂದು ನಿಟ್ಟುಸಿರುಬಿಟ್ಟು ಹಂಡೆಯ ಕಡೆ ಹೋದ. ಸರ್ವೋತ್ತಮನಿಗೆ ಆ ದಿನ ಮೊದಲ ಬಾರಿ ಸ್ವಲ್ಪ ಖುಷಿಯಾಯಿತು.

ಜಗಲಿಯಲ್ಲಿ ದುಗ್ಗಪ್ಪಜ್ಜ ಮೇದಪ್ಪನನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದರು. ಊರು ಸುಳ್ಯ, ಜಾತಿ ತಮ್ಮದೇ, ಗೋತ್ರದ ಹಾಗೆ ನೋಡುವ ಬಳಿ ಮಾತ್ರ ಬೇರೆ, ಮದುವೆಗೆ ಅಡ್ಡಿಯಿಲ್ಲ ಎಂದು ತಿಳಿದು ಅಜ್ಜನ ಮುಖ ಅರಳಿತ್ತು.

“ಒಂದು ಮಾತು ಕೇಳ್ತೇನೆ, ಬೇಜಾರ್ ಮಾಡ್ಬೇಡಿ,” ಎಂದರು ಅಜ್ಜ. “ಕುಡಿಯುದು ಹೇಗೆ?”

ಡೀಸೆಲ್ ಪಂಪು ನೋಡಲು ಬಂದ ಕೃಷಿಕರೆಲ್ಲ ಮೊದಲು ಕೇಳುವ ಪ್ರಶ್ನೆಯೇ ಅದು. ಮೇದಪ್ಪ ಉತ್ಸಾಹದಿಂದ ಹೇಳಿದ. “ಬೇರೆಯವುಗಳಷ್ಟು ಇಲ್ಲ ಅಜ್ಜ. ಗಂಟೆಗೆ ಮುಕ್ಕಾಲು ಲೀಟರ್ ಸಾಕು.”

ಅಜ್ಜ ಬಾಯಿಗೆ ಹಾಕಿದ ಎಲೆ ಅಗಿಯುವುದನ್ನು ನಿಲ್ಲಿಸಿದರು. “ಮತ್ತೆ… ಗಲಾಟೆ ಉಂಟಾ?”

“ಶುರುವಿಗೆ ಸ್ವಲ್ಪ ಸದ್ದು ಮಾಡ್ತದೆ. ಮತ್ತೆ ರಾತ್ರಿಯಿಡೀ ಬಿಟ್ರೂ ಒಂದೇ ಲೆಕ್ಕ.”

ಅಜ್ಜ ಸರ್ವೋತ್ತಮನ ಕಿವಿಯ ಹತ್ತಿರ ಬಾಗಿದರು. “ಗಂಟೆಗೆ ಮುಕ್ಕಾಲು ಲೀಟರ್ ಅಂತೆ ಮಾರಾಯ! ಆದ್ರೆ ಹುಡುಗ ಒಂದನ್ನೂ ಮುಚ್ಚಿಡ್ಲಿಲ್ಲ. ಅಂಥ ಗುಣ ಈಗ ಎಲ್ಲಿ ಸಿಗ್ತದೆ?”

ಕಾಫಿ ತಂದ ಊರ್ಮಿಳಾ ಈ ಕೊನೆಯ ಮಾತು ಕೇಳಿಸಿಕೊಂಡಳು. ಲೋಟ ಕೊಡುತ್ತಾ ನೇರವಾಗಿ ಹೇಳಿಬಿಟ್ಟಳು. “ನೋಡಿ, ಅಜ್ಜ ಕೇಳುದು ಪಂಪಿನ ವಿಷಯ ಅಲ್ಲ, ನಿಮ್ಮ ವಿಷಯ. ಇವರೆಲ್ಲ ಬಂದದ್ದು ನನ್ನ ವೀಳ್ಯಶಾಸ್ತ್ರಕ್ಕೆ. ಮದುಮಗ ನೀವು. ಅಣ್ಣನ ಕಾರ್ಡು ಮಾಡಿದ ಕೆಲಸ ಇದು.”

ಸರ್ವೋತ್ತಮ ಕಂಬ ಹಿಡಿದುಕೊಂಡ. ಏಜೆನ್ಸಿ ಹೋಯಿತು, ಮಾವನ ಬೈಗುಳ ಕಿವಿಗೆ ಕೇಳಿಸತೊಡಗಿತು. ಮೇದಪ್ಪ ಮಾತ್ರ ಕಾಫಿ ನೆತ್ತಿಗೆ ಹತ್ತುವಷ್ಟು ನಕ್ಕ. ಆಮೇಲೆ ನಗು ನಿಲ್ಲಿಸಿ ಊರ್ಮಿಳಾನನ್ನು ಸರಿಯಾಗಿ ನೋಡಿದ.

“ನಮ್ಮ ಅಮ್ಮ ಸುಳ್ಯದಲ್ಲಿ ಎರಡು ವರ್ಷದಿಂದ ಹುಡುಗಿ ಹುಡುಕ್ತಾ ಇದ್ದಾರೆ,” ಎಂದ. “ನಿಮಗೆ ಅಡ್ಡಿ ಇಲ್ಲದಿದ್ರೆ ನನಗೂ ಇಲ್ಲ.”

“ಮುಕ್ಕಾಲು ಲೀಟರಿನ ವಿಷಯ ಮೊದಲು ಇತ್ಯರ್ಥ ಆಗ್ಬೇಕು,” ಎಂದಳು ಊರ್ಮಿಳಾ. ಅವಳ ಮುಖ ಕೆಂಪಾಗಿತ್ತು. ಅದನ್ನು ನೋಡಿದ ವಾರಿಜಾಕ್ಷಿಗೆ ಕಣ್ಣೀರೇ ಬಂತು.

ಮಧ್ಯಾಹ್ನದ ಊಟ ಭರ್ಜರಿಯಾಯಿತು. ಜತ್ತಪ್ಪ ಪಂಕ್ತಿಯಿಂದ ಪಂಕ್ತಿಗೆ ಓಡಾಡುತ್ತಾ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆದು ಪಾಯಸ ಬಡಿಸಿದ. ಊಟ ಮುಗಿದ ಮೇಲೆ ಮೇದಪ್ಪ ಸರ್ವೋತ್ತಮನನ್ನು ಕಾರಿನ ಹತ್ತಿರ ಕರೆದುಕೊಂಡು ಹೋದ.

“ಭಾವ,” ಎಂದ. ಆ ಶಬ್ದ ಕೇಳಿ ಸರ್ವೋತ್ತಮನ ಎದೆ ಉಬ್ಬಿತು. “ಒಂದು ವಿಷಯ ಹೇಳ್ಬೇಕು. ನಮ್ಮ ಕಂಪೆನಿಯಲ್ಲಿ ಒಂದು ರೂಲ್ ಉಂಟು. ಅಧಿಕಾರಿಯ ನೆಂಟರಿಗೆ ಏಜೆನ್ಸಿ ಕೊಡ್ಲಿಕ್ಕಿಲ್ಲ.”

ಎದೆ ಉಬ್ಬಿದಲ್ಲೇ ನಿಂತಿತು. “ನೆಂಟಸ್ತನ ಸ್ವಲ್ಪ ತಡ ಮಾಡಿದ್ರೆ?”

“ಅದು ಹೇಗೆ ಆಗ್ತದೆ ಭಾವ? ಇಷ್ಟು ಜನ ಉಂಡಾಯ್ತಲ್ಲ.” ಮೇದಪ್ಪ ಹಿತ್ತಲ ಕಡೆ ಕೈ ತೋರಿಸಿದ. “ಜತ್ತಪ್ಪನೋರಿಗೆ ಕೊಡುವ ಅಂತ. ಇಡೀ ಊರನ್ನು ಹೆಸರು ಹಿಡಿದು ಕರೀತಾರೆ. ಜನಬಳಕೆ ಅಂದ್ರೆ ಅದಲ್ವಾ? ನಿಮ್ಮ ಮನೆಯಲ್ಲಿ ನೋಡ್ಲಿಕ್ಕೆ ಸಿಕ್ಕಿದ್ದು ಒಳ್ಳೇದಾಯ್ತು.”

ಸುದ್ದಿ ಕೇಳಿದ ಜತ್ತಪ್ಪ ಬೈರಾಸು ಬಿಚ್ಚಿ ಮುಖ ಒರೆಸಿಕೊಂಡ. ನಂಬಲಾಗದೆ ಎರಡು ಸಲ ಕೇಳಿದ. ಅಷ್ಟರಲ್ಲಿ ದುಗ್ಗಪ್ಪಜ್ಜ ಕೋಲೂರಿಕೊಂಡು ಹತ್ತಿರ ಬಂದರು. ಅವರ ಮುಖದಲ್ಲಿ ಮಾತುಕತೆ ಮುಗಿಸಿದ ತೃಪ್ತಿ ಇತ್ತು.

“ಸರ್ವೋತ್ತಮ, ನೀನು ಪುಣ್ಯವಂತ. ಹುಡುಗ ವರದಕ್ಷಿಣೆ ಒಂದೂ ಬೇಡ ಅಂದ. ಒಂದೇ ಒಂದು ಆಸೆ ಅಂತೆ. ಅಧಿಕಾರಿಯ ಹೆಂಡತಿಯ ತವರುಮನೆ ಬಾವಿಗೆ ಅವನ ಕಂಪೆನಿಯ ಪಂಪು ಇಲ್ಲದಿದ್ರೆ ಜನ ನಗ್ತಾರೆ ಅಂತ. ಮದುವೆಗೆ ಮೊದಲು ಹಾಕಿಸಿದ್ರೆ ಸಾಕು. ನಾನು ಒಪ್ಪಿ ಆಯ್ತು.”

ಜತ್ತಪ್ಪ ಎರಡೂ ಕೈ ಜೋಡಿಸಿ ಸರ್ವೋತ್ತಮನ ಎದುರು ಬಾಗಿದ.

“ಬೋಣಿ ನಿಮ್ಮ ಕೈಯಿಂದಲೇ ಆಗ್ಲಿ ಸರ್ವೋತ್ತಮಣ್ಣ. ನಾಳೆ ಬೆಳಿಗ್ಗೆಯೇ ಅಂಗಡಿಗೆ ಬನ್ನಿ.”