ಕರ್ನಲ್ ಬದಲಿಸಲು ಹೋದಾಗ ಅತ್ತೆ ಜೊತೆಗಿದ್ದಳು

ನನ್ನ ಸೋದರತ್ತೆಗೆ ಕರೆಂಟಿನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಗಂಡನ ಮೇಲಾದರೂ ಇದೆಯೇ ಎಂದು ನನ್ನನ್ನು ಕೇಳಬೇಡಿ; ಮಾವ ಇದನ್ನು ಓದಿಬಿಟ್ಟಾರು! ಟೆಲಿಫೋನ್ ಕಚೇರಿಯಿಂದ ನಿವೃತ್ತಿಯಾದ ಮೇಲೆ ಆಕೆ ಹಾವೇರಿಯ ಮನೆಯಲ್ಲಿ, ಅಡುಗೆಮನೆಯ ಪಕ್ಕ ಮೇಜು ಹಾಕಿಕೊಂಡು ಓಣಿಯವರ ಸೆಟ್‌ಟಾಪ್ ಬಾಕ್ಸ್, ರೌಟರ್ ರಿಪೇರಿ ಮಾಡುತ್ತಾಳೆ. ಅವುಗಳ ಜೊತೆ ಮಾತಾಡುತ್ತಾಳೆ. ಅವು ಮಾವನಿಗಿಂತ ಚೆನ್ನಾಗಿ ಕೇಳಿಸಿಕೊಳ್ಳುತ್ತವಂತೆ.

ಒಮ್ಮೆ ರಾಣೆಬೆನ್ನೂರಿನ ಬೀಗರ ಮನೆಯಲ್ಲಿ ಟಿವಿ ‘ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ’ ಎಂದಿತು. ಅತ್ತೆ ಸ್ವಿಚ್‌ಬೋರ್ಡಿನ ಮುಂದೆ ಕುರ್ಚಿ ಹಾಕಿ ಕುಳಿತೇಬಿಟ್ಟಳು. ಏಪ್ರಿಲ್ ಸೆಕೆ. ಬೀಗರು ಫ್ಯಾನ್ ಹಾಕಲು ಬಂದರೆ ಬಿಡಬೇಕಲ್ಲ!

“ಟಿವಿಗೆ ಆಪರೇಷನ್ ನಡದೈತ್ರಿ. ಒಂದೀಟು ತಡ್ಕೋರಿ.”

ಊಟದ ತಟ್ಟೆಯೂ ಅಲ್ಲಿಗೇ ಬಂತು. ನಾನು ತಲೆ ತಗ್ಗಿಸಿ ಹೋಳಿಗೆಯನ್ನೇ ನೋಡುತ್ತಿದ್ದೆ.

ಇಂಥವಳನ್ನು ಬ್ಯಾಡಗಿಯ ಕೋಲ್ಡ್ ಸ್ಟೋರೇಜಿಗೆ ಯಾಕೆ ಕರೆದೊಯ್ದೆ? ಭಯಕ್ಕೆ! ಮೆಣಸಿನಕಾಯಿ ಚೀಲಗಳ ಕೋಣೆಯ ತಂಪನ್ನು ಕಾಯುವ ನಮ್ಮ ಕಂಪನಿಯ ಪೆಟ್ಟಿಗೆಯೊಂದು ಅಲ್ಲಿದೆ, ಊಟದ ಡಬ್ಬಿಯಷ್ಟು. ಒಳಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಅದನ್ನು ನಡೆಸುವ ಮೂಲ ಪ್ರೋಗ್ರಾಂ ಕರ್ನಲ್. ಫ್ಲ್ಯಾಶ್ ಮೆಮೊರಿಯಲ್ಲಿದ್ದ ಹಳೆಯ ಕರ್ನಲ್ ಅಳಿಸಿ ಹೊಸದು ಬರೆಯುವುದು ನನ್ನ ಕೆಲಸ. ನಡುವೆ ಕರೆಂಟ್ ತಪ್ಪಿದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಇದನ್ನೆಲ್ಲ ನನಗೆ ಕಲಿಸಿದವಳೇ ಅತ್ತೆ. ಆದರೆ ಮ್ಯಾನೇಜರಿಗೆ ನಾನು ಹೇಳಿದ್ದೇನು?

“ನಮ್ಮ ಅತ್ತೀರಿ. ಮೆಣಸಿನಕಾಯಿ ತಗೊಳ್ಳಾಕ ಬಂದಾರ.”

ಅತ್ತೆ ಹೌದೆನ್ನುವಂತೆ ಕೈಚೀಲ ಎತ್ತಿ ತೋರಿಸಿದಳು.

ಮ್ಯಾನೇಜರ್ ಚಹಾ ಹೇಳಲು ಹೊರಗೆ ಹೋದರು. ನಾನು ಹೊಸ ಕರ್ನಲ್ ಬರೆಯಲು ಶುರು ಮಾಡಿದ್ದೆ; ಅದು ಅರ್ಧಕ್ಕೇ ನಿಂತಂತೆ ಕಂಡಿತು.

“ಅತ್ತಿ, ಹ್ಯಾಂಗ್ ಆಗೇತಿ.”

“ಇಲ್ಲೋ, ಇನ್ನೂ ಬರ್ಯಾಕತ್ತೈತಿ. ಮುಟ್ಟಬ್ಯಾಡ.”

“ನನಗ ಗೊತ್ತೈತಿ, ನೀ ಸುಮ್ನಿರು!”

ಪ್ಲಗ್ ಕಿತ್ತು ಮತ್ತೆ ಹಾಕಿದೆ. ಪೆಟ್ಟಿಗೆಯ ಪರದೆ ಬೆಳಗಲೇ ಇಲ್ಲ.

ಮ್ಯಾನೇಜರ್ ಬಂದು, “ಏನಾತ್ರಿ ಸರ?” ಎಂದರು.

“ನನ್ನ ಕಾಲು ತಾಗಿ ಪ್ಲಗ್ ಕಿತ್ತು ಬಂತ್ರಿ,” ಎಂದಳು ಅತ್ತೆ.

“ಇಂಥಲ್ಲಿಗೆ ಹೆಣ್ಮಕ್ಕಳನ್ನ ಯಾಕ ಕರ್ಕೊಂಡ್ ಬರ್ತೀರಿ ಸರ?”

ನಾನು? ಹೌದೆಂದು ತಲೆಯಾಡಿಸಿದೆ!

ಅವರು ಗೊಣಗುತ್ತ ಹೋದರು. ಪುಣ್ಯಕ್ಕೆ ಕರ್ನಲ್ಲನ್ನು ಎಬ್ಬಿಸುವ ಪುಟ್ಟ ಬೂಟ್‌ಲೋಡರ್ ಉಳಿದಿತ್ತು. ಅತ್ತೆ ಪೆಟ್ಟಿಗೆ ಬಿಚ್ಚಿ, ನನ್ನ ಲ್ಯಾಪ್‌ಟಾಪಿಗೆ ಮೂರು ವೈರು ಜೋಡಿಸಿ, “ಏಳವ್ವಾ, ಸಾಕು ಸಿಟ್ಟು” ಎನ್ನುತ್ತ ಹೊಸ ಕರ್ನಲ್ ಬರೆದಳು. ಪರದೆ ಬೆಳಗಿತು. ಮ್ಯಾನೇಜರ್ ಬಂದು ನೋಡಿ ನನ್ನ ಬೆನ್ನು ತಟ್ಟಿದರು: “ಭಾರಿ ಕೆಲಸ ಮಾಡಿದ್ರಿ!”

ಅತ್ತೆಯ ಜೊತೆ ಗೇಟಿನ ತನಕ ಬಂದೆ. ಮುಂದೆ ಕಾಲೇ ಏಳಲಿಲ್ಲ. ಒಬ್ಬನೇ ವಾಪಸ್ ಹೋಗಿ, ಪ್ಲಗ್ ಕಿತ್ತವನು ನಾನು, ಸರಿ ಮಾಡಿದವಳು ಅತ್ತೆ ಎಂದು ಹೇಳಿದೆ. ಮ್ಯಾನೇಜರ್ ಸುಮ್ಮನೆ ನನ್ನ ಮುಖ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ ಬಂದು ತಿಳಿಸಿದರೆ ಅತ್ತೆಗೆ ಸಿಟ್ಟೇ ಬಂತು. “ಯಾಕ ಹೇಳಿದ್ಯೋ? ನಾ ಪಿಂಚಣಿ ತಗೊಳ್ಳಾಕಿ, ನನಗ ಯಾರ್ ಏನ್ ಮಾಡ್ತಾರ? ನಿನ್ನ ನೌಕರಿಗೆ ಕುತ್ತು ಬಂದ್ರ?”

ಎದುರಿಗೆ ಲಾರಿಗಳ ಸಾಲು. ಅತ್ತೆ ನನ್ನ ಕೈ ಹಿಡಿದು ರಸ್ತೆ ದಾಟಿಸತೊಡಗಿದಳು. ನನಗೀಗ ಮೂವತ್ತೆರಡು ವರ್ಷ. ಕೈ ಬಿಡಿಸಿಕೊಳ್ಳಲಿಲ್ಲ.